ಹಾಲಿಗಿಂತ ಮೊದಲು ಶಾಖ: ಹನ್ನೆರಡು ದಿನದ ಬೆಕ್ಕಿನ ಮರಿಗಳನ್ನು ಮನೆಗೆ ತರುವ ಮುನ್ನ

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿದ್ದೇವೆ. ಪ್ರಾಣಿಗಳನ್ನು ರಕ್ಷಿಸುವ ಸ್ವಯಂಸೇವಕರ ಗುಂಪೊಂದು ಚರಂಡಿ ಪಕ್ಕ ಸಿಕ್ಕ ಮೂರು ಬೆಕ್ಕಿನ ಮರಿಗಳನ್ನು ದತ್ತು ಹೋಗುವ ತನಕ ಫಾಸ್ಟರ್ ಆಗಿ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದೆ. ಈಗಷ್ಟೇ ಕಣ್ಣು ಬಿಟ್ಟಿವೆ, ಹತ್ತು ಹನ್ನೆರಡು ದಿನ ಇರಬಹುದಂತೆ. ನಾನು ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಕೆಲಸಕ್ಕೆ ಹೋಗುತ್ತೇನೆ. ಹಗಲು ಅತ್ತೆ ಮನೆಯಲ್ಲಿರುತ್ತಾರೆ. ಅವರು "ಹಸುವಿನ ಹಾಲಿಗೆ ನೀರು ಬೆರೆಸಿ ಕುಡಿಸಿದರೆ ಆಯ್ತು, ನಮ್ಮೂರಲ್ಲಿ ಹಾಗೇ ಬೆಳೆಸಿದ್ದು" ಅನ್ನುತ್ತಾರೆ. ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಆರು ವರ್ಷದ ಮಗಳಿದ್ದಾಳೆ, ಮೂರು ವರ್ಷದ ನಮ್ಮದೇ ಬೆಕ್ಕೂ ಇದೆ. ಒಪ್ಪಿಕೊಳ್ಳಬಹುದೇ? ಏನೇನು ಸಿದ್ಧ ಮಾಡಿಕೊಳ್ಳಬೇಕು?

ಉತ್ತರ: ಒಪ್ಪಿಕೊಳ್ಳಬಹುದು, ಮುಖ್ಯವಾಗಿ ಎರಡು ಷರತ್ತಿನ ಮೇಲೆ. ಹಗಲಿನ ಎರಡು ಸರದಿಯ ಹಾಲು ಕುಡಿಸುವುದನ್ನು ನಿಮ್ಮ ಅತ್ತೆ ಮನಸಾರೆ ಒಪ್ಪಬೇಕು, ಕಲಿಯಬೇಕು. ಮನೆಯ ಒಂದು ಕೋಣೆ ಕನಿಷ್ಠ ಎರಡು ವಾರ ನಿಮ್ಮ ಬೆಕ್ಕಿಗೆ ಪೂರ್ತಿ ಬಂದ್ ಆಗಬೇಕು. ಇವೆರಡರಲ್ಲಿ ಒಂದು ಆಗದಿದ್ದರೂ ಈ ಮರಿಗಳನ್ನು ಬೇರೆಯವರಿಗೆ ಬಿಡಿ, ಐದು ವಾರ ದಾಟಿ ತಾವೇ ತಿನ್ನುವ ಮರಿಗಳಿದ್ದರೆ ಹೇಳಿ ಎಂದು ಗುಂಪಿನವರನ್ನು ಕೇಳಿ. ಹಾಗೆ ಕೇಳುವುದರಲ್ಲಿ ಸಂಕೋಚಪಡುವಂಥದ್ದೇನಿಲ್ಲ. ಹನ್ನೆರಡು ದಿನದ ಮರಿಗೆ ನಾಲ್ಕು ಗಂಟೆಗೊಮ್ಮೆ ಹಾಲು ಬೇಕು, ಅಂದರೆ ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು, ಮತ್ತೆ ನಡುರಾತ್ರಿ ಎರಡು. ಒಂದು ಸುತ್ತಿಗೆ, ಮೂರು ಮರಿಗೂ ಸೇರಿ, ಮುಕ್ಕಾಲು ಗಂಟೆ ಹಿಡಿಯುತ್ತದೆ. ಇದು ಸುಮಾರು ಮೂರು ವಾರ ನಡೆಯುತ್ತದೆ.

ಮರಿಗಳನ್ನು ಕೈಗೆ ತೆಗೆದುಕೊಳ್ಳುವ ಮೊದಲು ಗುಂಪಿನವರಿಗೆ ಒಂದು ಪ್ರಶ್ನೆ ಹಾಕಿ: ತಾಯಿ ಇಲ್ಲ ಎಂದು ಹೇಗೆ ಗೊತ್ತಾಯಿತು? ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಅನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಜಾಗ ಬದಲಿಸುವಾಗ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಹೋಗುತ್ತದೆ, ಉಳಿದವು ದಾರಿ ಮಧ್ಯೆ ಅನಾಥವಾಗಿ ಕಾಣುತ್ತವೆ. ಮರಿಗಳು ಚೊಕ್ಕಟವಾಗಿದ್ದು, ಹೊಟ್ಟೆ ತುಂಬಿಕೊಂಡು, ಕೂಗದೆ ಮಲಗಿದ್ದರೆ ತಾಯಿ ಹತ್ತಿರದಲ್ಲೇ ಇದೆ ಎಂದು ಅರ್ಥ. ಅಪಾಯವಿಲ್ಲದ ಜಾಗವಾದರೆ ದೂರದಿಂದ ಕೆಲವು ಗಂಟೆ ಕಾದು ನೋಡಬೇಕು. ಮೈ ಕೊಳೆಯಾಗಿ, ತಣ್ಣಗಿದ್ದು, ಬಿಡದೆ ಅರಚುತ್ತಿದ್ದರೆ ಕಾಯುವ ಹೊತ್ತಲ್ಲ. ತಾಯಿ ಸಿಕ್ಕಿದರೆ ತಾಯಿಯನ್ನೂ ಬೋನಿನಲ್ಲಿ ಹಿಡಿದು ಮರಿಗಳ ಜೊತೆ ಒಂದೇ ಕೋಣೆಯಲ್ಲಿಟ್ಟರೆ ನಿಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ ಮಾಡುತ್ತದೆ.

ಮಂಡ್ಯ ಕಡೆಯ ಓದುಗರಿಗೆ ಇಲ್ಲೇ ಒಂದು ಮಾತು. ಕಬ್ಬು ಕಡಿಯುವಾಗ ಗದ್ದೆಯಲ್ಲಿ ಸಿಗುವ ಮರಿಗಳೆಲ್ಲ ಮನೆ ಬೆಕ್ಕಿನವಲ್ಲ. ಕಾಡುಬೆಕ್ಕು ಕಬ್ಬಿನ ಗದ್ದೆಯಲ್ಲೇ ಮರಿ ಹಾಕುತ್ತದೆ, ಚಿರತೆಯೂ ಹಾಕುತ್ತದೆ. ಕಾಲು ಉದ್ದ, ಬಾಲ ಮೋಟು, ಮೈ ಮರಳು ಬಣ್ಣ, ಕಿವಿ ತುದಿಯಲ್ಲಿ ಕಪ್ಪು ಕೂದಲು ಕಂಡರೆ ಕಾಡುಬೆಕ್ಕೆಂದು ಅನುಮಾನಪಡಿ. ಇವೆರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುವ ಪ್ರಾಣಿಗಳು, ಮನೆಗೆ ತರುವಂತಿಲ್ಲ. ಕಟಾವು ನಿಲ್ಲಿಸಿ, ಮರಿಗಳನ್ನು ಇದ್ದಲ್ಲೇ ಬಿಟ್ಟು, ಅರಣ್ಯ ಇಲಾಖೆಗೆ ಹೇಳಿ. ತಾಯಿ ಸಾಮಾನ್ಯವಾಗಿ ಕತ್ತಲಾದ ಮೇಲೆ ಬಂದು ಒಯ್ಯುತ್ತದೆ.

ಇನ್ನು ನಿಮ್ಮ ಮರಿಗಳ ವಿಷಯ. ಒಳ್ಳೆಯ ಮನಸ್ಸಿನವರ ಮನೆಯಲ್ಲಿ ಎಳೆ ಮರಿಗಳು ಸಾಯುವುದು ಹೆಚ್ಚಾಗಿ ಹಸಿವಿನಿಂದಲ್ಲ, ಚಳಿ ಹಿಡಿದ ಮೈಗೆ ಹಾಲು ಹಾಕಿದ್ದರಿಂದ. ಮೂರು ನಾಲ್ಕು ವಾರದವರೆಗೆ ಮರಿಗೆ ತನ್ನ ಮೈಶಾಖವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ. ಮೈ ತಣ್ಣಗಾದಾಗ ಕರುಳಿನ ಚಲನೆ ನಿಂತುಹೋಗುತ್ತದೆ. ಆಗ ಕುಡಿಸಿದ ಹಾಲು ಹೊಟ್ಟೆಯಲ್ಲೇ ಕೊಳೆತು ಉಬ್ಬರಿಸುತ್ತದೆ, ಇಲ್ಲವೇ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗಾಗಿ ಮರಿ ಕೈಗೆ ಬಂದ ಕೂಡಲೇ ಮಾಡುವ ಕೆಲಸ ಬಾಟಲಿ ಹುಡುಕುವುದಲ್ಲ, ಶಾಖ ನೋಡುವುದು. ಮನೆಯ ಡಿಜಿಟಲ್ ಥರ್ಮಾಮೀಟರಿನ ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದ್ವಾರದಲ್ಲಿ ಒಂದು ಸೆಂಟಿಮೀಟರಿನಷ್ಟು ಮಾತ್ರ ಇಡಿ. (ಆ ಥರ್ಮಾಮೀಟರ್ ಇನ್ನು ಮರಿಗಳಿಗೇ ಮೀಸಲು.) ಈ ವಯಸ್ಸಿಗೆ 97ರಿಂದ 100 ಡಿಗ್ರಿ ಫ್ಯಾರನ್‌ಹೀಟ್ ಸರಿ. 94ಕ್ಕಿಂತ ಕೆಳಗಿದ್ದರೆ ಹಾಲು ಕೊಡಲೇಬೇಡಿ. ಕೆಲವು ಥರ್ಮಾಮೀಟರು ಅಂಕಿಯನ್ನೇ ತೋರಿಸದೆ 'ಲೋ' ಅನ್ನುತ್ತವೆ. ಅದು ಯಂತ್ರ ಕೆಟ್ಟಿದ್ದಲ್ಲ, ಮರಿಯ ಶಾಖ ಅದರ ಅಳತೆಗೂ ಕೆಳಗಿದೆ ಎಂದು ಅರ್ಥ. ಥರ್ಮಾಮೀಟರ್ ಇಲ್ಲದಿದ್ದರೆ ಕಿರುಬೆರಳನ್ನು ಮರಿಯ ಬಾಯೊಳಗಿಡಿ. ಬಾಯಿ ತಣ್ಣಗಿದ್ದರೆ, ಬೆರಳು ಚೀಪದಿದ್ದರೆ ಉತ್ತರ ಸಿಕ್ಕಂತೆಯೇ.

ತಣ್ಣಗಾದ ಮರಿಯನ್ನು ನಿಧಾನವಾಗಿ, ಒಂದರಿಂದ ಮೂರು ಗಂಟೆ ತೆಗೆದುಕೊಂಡು ಬೆಚ್ಚಗೆ ಮಾಡಬೇಕು. ಬಿಸಿನೀರಿನಲ್ಲಿ ಅದ್ದುವುದು, ಹೇರ್ ಡ್ರೈಯರ್ ಹಿಡಿಯುವುದು ಎರಡೂ ಬೇಡ. ಒದ್ದೆಯಿದ್ದರೆ ಒರೆಸಿ, ಟವೆಲಿನಲ್ಲಿ ಸುತ್ತಿ, ನಿಮ್ಮ ಎದೆಗೆ ಒತ್ತಿಕೊಂಡು ಕೂತರೆ ಅದೇ ಒಳ್ಳೆಯ ಉಪಾಯ. ಆ ಹೊತ್ತಿನಲ್ಲಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಗ್ಲುಕೋಸ್ ಪುಡಿ ಕಲಸಿದ ನೀರನ್ನು ಒಂದೆರಡು ಹನಿ ವಸಡಿಗೆ ಸವರುತ್ತಿರಿ. ಸಕ್ಕರೆ ಅಂಶ ಕುಸಿದಿದ್ದರೆ ಇದೇ ಜೀವ ಹಿಡಿಯುವುದು. ಸವರಬೇಕು, ಬಾಯಿಗೆ ಸುರಿಯಬಾರದು.

ಆಮೇಲೆ ಗೂಡು. ಎತ್ತರ ಅಂಚಿನ ರಟ್ಟಿನ ಪೆಟ್ಟಿಗೆ, ಒಳಗೆ ಹಳೆಯ ಕಾಟನ್ ಪಂಚೆ ಅಥವಾ ಫ್ಲೀಸ್ ಬಟ್ಟೆ. ದಾರ ಎದ್ದ ಟರ್ಕಿ ಟವೆಲ್ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಎರಡನೇ ವಾರಕ್ಕೆ ಗೂಡಿನ ಒಳಗೆ 27ರಿಂದ 29 ಡಿಗ್ರಿ ಸೆಲ್ಸಿಯಸ್, ಮೂರನೇ ವಾರದಿಂದ 24ರಿಂದ 27 ಇದ್ದರೆ ಸಾಕು. ಮೈಸೂರಿನಲ್ಲಿ ಏಪ್ರಿಲ್ ಹಗಲು ಇದಕ್ಕೆ ಏನೂ ಮಾಡಬೇಕಿಲ್ಲ, ಆದರೆ ಜೂನ್ ಜುಲೈನ ಮಳೆಗಾಳಿಗೂ ಡಿಸೆಂಬರ್ ಜನವರಿಯ ರಾತ್ರಿಗೂ ಶಾಖ ಕೊಡಲೇಬೇಕು. ಪೆಟ್ಟಿಗೆಯ ಅರ್ಧ ಭಾಗವನ್ನು ಮಾತ್ರ ಬಿಸಿ ಮಾಡಿ, ಸೆಕೆಯಾದ ಮರಿ ಇನ್ನರ್ಧಕ್ಕೆ ತೆವಳಿ ಹೋಗುವಂತಿರಲಿ. ಮರಿಗಳು ಒಂದರ ಮೇಲೊಂದು ಗುಡ್ಡೆಯಾಗಿ ಕೂಗುತ್ತಿದ್ದರೆ ಚಳಿ, ಮೂಲೆಗೊಂದು ಚದುರಿ ಬಾಯಿ ತೆರೆದಿದ್ದರೆ ಸೆಕೆ.

ಬಲ್ಬು ಹಾಕುತ್ತೇವೆ ಎಂದು ಅನೇಕರು ಹೇಳುತ್ತಾರೆ. ಈಗ ಎಲ್ಲರ ಮನೆಯಲ್ಲಿ ಇರುವುದು ಎಲ್‌ಇಡಿ, ಅದರಿಂದ ಬೆಳಕು ಬರುತ್ತದೆಯೇ ಹೊರತು ಶಾಖ ಬರುವುದಿಲ್ಲ. ಹಳೆಯ ಕಾಲದ ತಂತಿ ಬಲ್ಬು ಸಿಕ್ಕಿದರೂ ರಟ್ಟು, ಬಟ್ಟೆ ಪಕ್ಕದಲ್ಲಿ ಅದು ಬೆಂಕಿಗೆ ದಾರಿ. ಬೆನ್ನುನೋವಿನ ಹೀಟಿಂಗ್ ಪ್ಯಾಡ್ ಆಗುತ್ತದೆ, ಕನಿಷ್ಠ ಮಟ್ಟದಲ್ಲಿಟ್ಟು ಮೇಲೆ ಎರಡು ಪದರ ಬಟ್ಟೆ ಹಾಸಬೇಕು. ಆದರೆ ಹಲವು ಪ್ಯಾಡುಗಳು ಸ್ವಲ್ಪ ಹೊತ್ತಾದ ಮೇಲೆ ತಾವಾಗಿಯೇ ಆಫ್ ಆಗುತ್ತವೆ, ಕೊಳ್ಳುವ ಮೊದಲು ಅದನ್ನು ನೋಡಿಕೊಳ್ಳಿ. ಕರೆಂಟಿನ ಹಂಗಿಲ್ಲದ್ದು ಬಿಸಿನೀರಿನ ರಬ್ಬರ್ ಚೀಲ. ತೆಳ್ಳನೆಯ ಮಿನರಲ್ ವಾಟರ್ ಬಾಟಲಿಗೆ ಕುದಿನೀರು ತುಂಬಬೇಡಿ. ಅದು ಸೊಟ್ಟಗಾಗಿ, ಮುಚ್ಚಳ ಸಡಿಲವಾಗಿ, ಮರಿಗಳು ನೆನೆಯುತ್ತವೆ. ಇನ್ನೊಂದು, ಆರಿದ ಚೀಲವನ್ನು ಗೂಡಿನಲ್ಲೇ ಬಿಟ್ಟರೆ ಅದು ಮರಿಗಳ ಮೈಯ ಶಾಖವನ್ನೇ ಎಳೆದುಕೊಳ್ಳುತ್ತದೆ. ಪ್ರತಿ ಹಾಲಿನ ಸರದಿಗೂ ನೀರು ಬದಲಿಸಿ.

ಹಸುವಿನ ಹಾಲಿನ ವಿಷಯದಲ್ಲಿ ನಿಮ್ಮ ಅತ್ತೆ ಸುಳ್ಳು ಹೇಳುತ್ತಿಲ್ಲ. ಹಳ್ಳಿ ಮನೆಯಲ್ಲಿ ಹಾಲು ಕುಡಿದು ಬೆಳೆದ ಮರಿಗಳು ಮೊದಲ ಐದಾರು ವಾರ ತಾಯಿಯ ಮೊಲೆಹಾಲನ್ನೇ ಕುಡಿದಿದ್ದವು. ಆಮೇಲೆ ಕಣಜದ ಇಲಿ, ಹಲ್ಲಿ, ಓತಿಕ್ಯಾತ ಹಿಡಿದು ತಿಂದವು. ತಟ್ಟೆಯ ಹಾಲು ಮೇಲುಸೇವೆ ಅಷ್ಟೆ. ತಾಯಿಯಿಲ್ಲದ ಹನ್ನೆರಡು ದಿನದ ಮರಿಗೆ ಅದೊಂದೇ ಗತಿ ಎಂದಾಗ ಲೆಕ್ಕ ಬೇರೆಯಾಗುತ್ತದೆ. ಬೆಕ್ಕಿನ ಹಾಲಿನಲ್ಲಿ ಪ್ರೋಟೀನು ಹಸುವಿನ ಹಾಲಿನ ಎರಡರಷ್ಟಿರುತ್ತದೆ. ನೀರು ಬೆರೆಸಿದರೆ ಇದ್ದ ಪ್ರೋಟೀನೂ ಕೊಬ್ಬೂ ಅರ್ಧವಾಗುತ್ತವೆ, ಮರಿ ಹೊಟ್ಟೆ ತುಂಬಿಸಿಕೊಂಡೇ ಸೊರಗುತ್ತದೆ. ಹೊಟ್ಟೆ ತುಂಬುವಷ್ಟು ಗಟ್ಟಿ ಹಾಲು ಕೊಟ್ಟರೆ ಲ್ಯಾಕ್ಟೋಸ್ ಜಾಸ್ತಿಯಾಗಿ ಭೇದಿ ಶುರು. ಇಷ್ಟು ಸಣ್ಣ ಮೈಗೆ ಒಂದು ದಿನದ ಭೇದಿ ಸಾಕು.

ಬೇಕಾದದ್ದು ಬೆಕ್ಕಿನ ಮರಿಗೆಂದೇ ತಯಾರಾದ ಹಾಲಿನ ಪುಡಿ. ಕೆಎಂಆರ್, ರಾಯಲ್ ಕ್ಯಾನಿನ್‌ನ ಬೇಬಿಕ್ಯಾಟ್ ಮಿಲ್ಕ್ ಇಂಥವು ಪೆಟ್ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಸಿಗುತ್ತವೆ. ಮಂಡ್ಯದಲ್ಲಿ ಸಿಗದಿದ್ದರೆ 45 ಕಿಲೋಮೀಟರ್ ದೂರದ ಮೈಸೂರಿಂದ ಬಸ್ಸಿನಲ್ಲಿ ತರಿಸಿಕೊಳ್ಳಬಹುದು. ನಾಯಿಮರಿಯ ಹಾಲಿನ ಪುಡಿಯಾಗಲಿ, ಮಕ್ಕಳ ಹಾಲಿನ ಪುಡಿಯಾಗಲಿ ಇದಕ್ಕೆ ಬದಲಿಯಲ್ಲ. ರಾತ್ರಿ ಹನ್ನೊಂದಕ್ಕೆ ಮರಿ ಸಿಕ್ಕು ಅಂಗಡಿಯೆಲ್ಲ ಮುಚ್ಚಿದ್ದರೆ ಆ ಒಂದು ರಾತ್ರಿಯ ಮಟ್ಟಿಗೆ ಆಡಿನ ಹಾಲು, ನೀರು ಬೆರೆಸದೆ. ಬೆಳಗಾದ ಮೇಲೆ ಪುಡಿ.

ಪ್ರಮಾಣ ಹೀಗೆ: 100 ಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು 25 ಎಂಎಲ್, ಅದೇ 100 ಗ್ರಾಂಗೆ ಒಂದು ಸಲಕ್ಕೆ 4ರಿಂದ 5 ಎಂಎಲ್ ಮೀರಬಾರದು. ಹನ್ನೆರಡು ದಿನದ ಮರಿ 200 ಗ್ರಾಂ ಆಸುಪಾಸು ಇರಬೇಕು. ಹಾಗಿದ್ದರೆ ದಿನಕ್ಕೆ 50 ಎಂಎಲ್, ಆರು ಸಲಕ್ಕೆ ಹಂಚಿದರೆ ಒಂದು ಸಲಕ್ಕೆ 8 ಎಂಎಲ್. ಮೂರು ಮರಿಗೆ ನಾಲ್ಕು ವಾರ ತುಂಬುವ ತನಕ ಒಟ್ಟು ಸುಮಾರು 4 ಲೀಟರ್ ಕಲಸಿದ ಹಾಲು ಹಿಡಿಯುತ್ತದೆ. ಡಬ್ಬದ ಮೇಲಿನ ಅನುಪಾತ ನೋಡಿ ಎಷ್ಟು ಡಬ್ಬ ಬೇಕು ಎಂದು ಮೊದಲೇ ಲೆಕ್ಕ ಹಾಕಿ, ಅದರ ದುಡ್ಡು ಯಾರು ಕೊಡುತ್ತಾರೆ ಎಂದು ಗುಂಪಿನವರನ್ನು ಆಗಲೇ ಕೇಳಿ. ಇದು ಸಣ್ಣ ಮೊತ್ತವಲ್ಲ.

ಕುದಿಸಿ ಆರಿಸಿದ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಒಂದು ದಿನಕ್ಕಾಗುವಷ್ಟನ್ನು ಫ್ರಿಜ್‌ನಲ್ಲಿಡಬಹುದು, ಅದಕ್ಕಿಂತ ಹೆಚ್ಚಲ್ಲ. ಆ ಸರದಿಗೆ ಬೇಕಾದಷ್ಟನ್ನು ಮಾತ್ರ ಬಿಸಿನೀರಿನ ಬಟ್ಟಲಿನಲ್ಲಿಟ್ಟು ಮೈಶಾಖಕ್ಕೆ ತನ್ನಿ, ಮಣಿಕಟ್ಟಿನ ಒಳಬದಿಗೆ ಹನಿ ಬಿಟ್ಟು ನೋಡಿ. ಮೈಕ್ರೋವೇವ್ ಬೇಡ, ಅಲ್ಲಲ್ಲಿ ಸುಡುವಷ್ಟು ಬಿಸಿಯಾಗಿರುತ್ತದೆ. ಕುಡಿದು ಮಿಕ್ಕದ್ದನ್ನು ಚೆಲ್ಲಿ.

ಕುಡಿಸುವ ಭಂಗಿಯಲ್ಲೇ ಎಲ್ಲರೂ ಎಡವುವುದು. ಕೂಸನ್ನು ಹಿಡಿದಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ನೇರ ಶ್ವಾಸನಾಳಕ್ಕೆ. ಮರಿ ಹೊಟ್ಟೆಯ ಮೇಲೆ ಕೂರಬೇಕು, ಮುಂಗಾಲುಗಳಿಗೆ ಒತ್ತಲು ಸುರುಳಿ ಸುತ್ತಿದ ಟವೆಲ್ ಸಿಗಬೇಕು, ತಲೆ ಸಮವಾಗಿ ಅಥವಾ ಕೂದಲೆಳೆಯಷ್ಟು ಮೇಲಿರಬೇಕು. ಗದ್ದವನ್ನು ಎತ್ತಿ ಹಿಡಿಯಬಾರದು. ಸಣ್ಣ ಬಾಟಲಿಯ ನಿಪ್ಪಲಿಗೆ ತೂತನ್ನು ನೀವೇ ಮಾಡಬೇಕಾಗಬಹುದು. ಕಾದ ಸೂಜಿಯಿಂದ ಚುಚ್ಚಿ, ತಲೆಕೆಳಗು ಹಿಡಿದರೆ ಹಾಲು ಧಾರೆಯಾಗದೆ ತೊಟ್ಟಿಕ್ಕಬೇಕು. ಸೂಜಿ ತೆಗೆದ 2 ಎಂಎಲ್ ಸಿರಿಂಜೂ ನಡೆಯುತ್ತದೆ, ಆದರೆ ಅದರ ದಂಡವನ್ನು ಮರಿ ಚೀಪಿದಷ್ಟಕ್ಕೆ ಮಾತ್ರ ತಳ್ಳಬೇಕು. ರಾತ್ರಿ ಎರಡು ಗಂಟೆಯ ಸರದಿಯಲ್ಲಿ ನಿದ್ದೆಗಣ್ಣಿನಲ್ಲಿ ಬೇಗ ಮುಗಿಸೋಣ ಎಂದು ಸಿರಿಂಜು ಒತ್ತುವುದೇ ನ್ಯುಮೋನಿಯಾಕ್ಕೆ ಮೊದಲ ಕಾರಣ. ಮೂಗಿನಿಂದ ಹಾಲು ಬಂದರೆ ತಕ್ಷಣ ನಿಲ್ಲಿಸಿ, ತಲೆ ಸ್ವಲ್ಪ ಕೆಳಗೆ ಮಾಡಿ ಒರೆಸಿ. ಮುಂದಿನ ಎರಡು ದಿನ ಉಸಿರಾಟದ ಮೇಲೆ ಕಣ್ಣಿಡಿ. ಉಸಿರಲ್ಲಿ ಕಿರಕಿರ ಸದ್ದು ಬಂದರೆ, ಕುಡಿಯಲು ಒಲ್ಲೆ ಎಂದರೆ ಅದೇ ದಿನ ವೈದ್ಯರಲ್ಲಿಗೆ.

ಕುಡಿಸಿದ ಮೇಲೆ ಮಲಮೂತ್ರ ಮಾಡಿಸುವುದೂ ನಿಮ್ಮ ಕೆಲಸವೇ, ಈ ವಯಸ್ಸಿನಲ್ಲಿ ಅವು ತಾವಾಗಿ ಮಾಡಲಾರವು. ಬೆಚ್ಚನೆ ನೀರಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಬಾಲದ ಕೆಳಗೆ ಹಗುರವಾಗಿ, ತಾಯಿ ನೆಕ್ಕಿದ ಹಾಗೆ, ಒಂದು ನಿಮಿಷ ಸವರಿ. ಮೂತ್ರ ಪ್ರತಿ ಸಲ ಬರಬೇಕು, ತಿಳಿ ಹಳದಿ ಇರಬೇಕು. ಗಾಢವಾಗಿದ್ದರೆ ಮೈಯಲ್ಲಿ ನೀರು ಕಡಿಮೆ. ಮಲ ಸಾಸಿವೆ ಬಣ್ಣದಲ್ಲಿ ಟೂತ್‌ಪೇಸ್ಟಿನ ಹದಕ್ಕಿದ್ದರೆ ಎಲ್ಲ ಸರಿ. ಹಸಿರು, ನೀರು ಅಥವಾ ಮೊಸರೊಡೆದಂತೆ ಬಂದರೆ ಹೆಚ್ಚು ಕುಡಿಸಿದ್ದೀರಿ ಅಥವಾ ಸೋಂಕು. ಚರ್ಮ ಕೆಂಪಾಗುವಷ್ಟು ಉಜ್ಜಬೇಡಿ. ನಾಲ್ಕನೇ ವಾರದ ಹೊತ್ತಿಗೆ ಇದು ತಾನಾಗಿ ನಿಲ್ಲುತ್ತದೆ.

ಇಷ್ಟೆಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ಹೇಳುವುದು ಒಂದೇ ವಸ್ತು, ಅಡುಗೆಮನೆಯ ಗ್ರಾಂ ತಕ್ಕಡಿ. ದಿನವೂ ಒಂದೇ ಹೊತ್ತಿಗೆ, ಬೆಳಗಿನ ಹಾಲಿಗೆ ಮುಂಚೆ, ಒಂದು ಡಬ್ಬಿಯಲ್ಲಿ ಕೂರಿಸಿ ತೂಗಿ ಪುಸ್ತಕದಲ್ಲಿ ಬರೆಯಿರಿ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಒಂದು ದಿನ ಏರದಿದ್ದರೆ ಎಚ್ಚರ, ಇಳಿದರೆ ವೈದ್ಯರು. ಕಣ್ಣಿಗೆ ಚುರುಕಾಗಿ ಕಾಣುವ ಮರಿಯ ತೂಕ ನಿನ್ನೆಯೇ ನಿಂತಿರುತ್ತದೆ, ಕಾಯಿಲೆ ಕಣ್ಣಿಗೆ ಬೀಳುವ ಹೊತ್ತಿಗೆ ಒಂದು ದಿನ ಕಳೆದುಹೋಗಿರುತ್ತದೆ. ಮೂರೂ ಒಂದೇ ಬಣ್ಣವಾಗಿದ್ದರೆ ಒಂದಕ್ಕೆ ಬೆನ್ನ ಮೇಲೆ, ಇನ್ನೊಂದಕ್ಕೆ ಸೊಂಟದಲ್ಲಿ ಚಿಟಿಕೆಯಷ್ಟು ಕೂದಲು ಕತ್ತರಿಸಿ ಗುರುತು ಮಾಡಿ. ಕತ್ತಿಗೆ ದಾರ, ರಿಬ್ಬನ್ ಕಟ್ಟಬೇಡಿ. ಅತ್ತೆಯೂ ಅದೇ ಪುಸ್ತಕದಲ್ಲಿ ಗಂಟೆ, ಎಂಎಲ್, ಮಲ ಎಂದು ಮೂರು ಕಾಲಂ ತುಂಬಲಿ. ಎರಡು ಕೈ ಬದಲಾಗುವ ಕಡೆ ಬಾಯಿಮಾತಿನ ಲೆಕ್ಕ ನಿಲ್ಲುವುದಿಲ್ಲ.

ಈಗ ನಿಮ್ಮ ಬೆಕ್ಕು. ಅದಕ್ಕೆ ಟ್ರೈಕ್ಯಾಟ್ (ಬೆಕ್ಕಿನ ಮೂರು ರೋಗಗಳಿಗೆ ಸೇರಿ ಹಾಕುವ) ಲಸಿಕೆ ಆಗಿದೆಯೇ, ಕಳೆದ ಬೂಸ್ಟರ್ ಯಾವಾಗ ಎಂದು ಇಂದೇ ಕಾರ್ಡ್ ತೆಗೆದು ನೋಡಿ. ಆಗಿಲ್ಲದಿದ್ದರೆ ಮರಿಗಳು ಬರಬಾರದು. ಕಾರಣ ಪ್ಯಾನ್‌ಲ್ಯುಕೋಪೀನಿಯಾ, ಬೆಕ್ಕುಗಳ ಪಾರ್ವೋ ಕಾಯಿಲೆ. ಜ್ವರ, ವಾಂತಿ, ಭೇದಿ, ಬಿಳಿ ರಕ್ತಕಣಗಳ ಕುಸಿತ. ಮರಿಗಳಲ್ಲಿ ಒಂದೆರಡು ದಿನದಲ್ಲೇ ಮುಗಿದುಹೋಗಬಹುದು. ಬೀದಿಯಿಂದ ಬಂದ ಮರಿಯಲ್ಲಿ ಇದು ಅಡಗಿದ್ದು ವಾರದ ಮೇಲೆ ಹೊರಬೀಳಬಹುದು, ಅದಕ್ಕೇ 14 ದಿನದ ಪ್ರತ್ಯೇಕ ಕೋಣೆ. ಆ ಕೋಣೆಗೆ ಬೇರೆ ಚಪ್ಪಲಿ, ಹೊರಬರುವಾಗ ಕಳಚಿಡುವ ಒಂದು ಹಳೆ ನೈಟಿ ಅಥವಾ ಶರ್ಟು, ಬೇರೆ ಬಟ್ಟಲು, ಬೇರೆ ಪೊರಕೆ. ಮೊದಲು ನಿಮ್ಮ ಬೆಕ್ಕಿನ ಕೆಲಸ ಮುಗಿಸಿ ಆಮೇಲೆ ಮರಿಗಳತ್ತ ಹೋಗಿ, ಉಲ್ಟಾ ಬೇಡ.

ನೆಲ ಒರೆಸುವುದಕ್ಕೆ ಫಿನಾಯಿಲ್ ಬೇಡವೇ ಬೇಡ. ಫಿನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಒದ್ದೆ ನೆಲದಲ್ಲಿ ನಡೆದು ಪಾದ ನೆಕ್ಕಿಕೊಂಡರೂ ವಿಷವೇ. ಡೆಟಾಲೂ ಇದೇ ಸಾಲಿಗೆ. ಪಾರ್ವೋ ವೈರಸ್ಸನ್ನು ಕೊಲ್ಲುವುದು ಬ್ಲೀಚ್. ಅಂಗಡಿಯಲ್ಲಿ ಸಿಗುವ ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ 30 ಎಂಎಲ್‌ಗೆ ಒಂದು ಲೀಟರ್ ನೀರು. ಮೊದಲು ಸೋಪಿನಿಂದ ಕೊಳೆ ತೊಳೆದು, ಮೇಲೆ ಇದನ್ನು ಹಚ್ಚಿ 10 ನಿಮಿಷ ಬಿಟ್ಟು, ನೀರಿನಿಂದ ತೊಳೆದು ಒಣಗಿಸಿ. ಕೊಳೆಯ ಮೇಲೆಯೇ ಹಾಕಿದರೆ ಕೆಲಸ ಮಾಡುವುದಿಲ್ಲ. ಮರಿಗಳನ್ನು ಆ ಹೊತ್ತು ಬೇರೆಡೆ ಇಡಿ. ಟಾಯ್ಲೆಟ್ ಕ್ಲೀನರ್ ಆಸಿಡ್ ಜೊತೆ ಎಂದೂ ಬೆರೆಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ.

ಮಗಳು ಮರಿಗಳನ್ನು ಮುಟ್ಟಲಿ, ಮುಟ್ಟಲೇಬೇಕು. ಎರಡರಿಂದ ಏಳನೇ ವಾರದೊಳಗೆ ಮನುಷ್ಯರ ಕೈ, ಮಾತು, ಮಿಕ್ಸಿ ಸದ್ದು ಅಭ್ಯಾಸವಾದ ಮರಿ ಮುಂದೆ ಹೆದರುವುದಿಲ್ಲ. ಆದರೆ ನೆಲದ ಮೇಲೆ ಕೂತು, ದೊಡ್ಡವರ ಎದುರು, ಆಮೇಲೆ ಸೋಪಿನಿಂದ ಕೈ ತೊಳೆದು. ಮುಖಕ್ಕೆ ಒತ್ತಿ ಮುದ್ದಿಸುವುದು ಬೇಡ. ಫಾಸ್ಟರ್ ಮನೆಗಳಿಗೆ ಹೆಚ್ಚು ಅಂಟುವುದು ರಿಂಗ್‌ವರ್ಮ್, ಅಂದರೆ ಒಂದು ಬಗೆಯ ಹುಳುಕಡ್ಡಿ. ಕಿವಿ, ಮೂಗು, ಪಂಜದ ಮೇಲೆ ಕೂದಲುದುರಿ ಹೊಟ್ಟು ಎದ್ದ ಗುಂಡನೆ ಜಾಗ ಕಂಡರೆ ತೋರಿಸಿ. ಸಾಯುವ ರೋಗವಲ್ಲ, ಆದರೆ ಮನೆಯಿಡೀ ಹಬ್ಬಿದರೆ ತಿಂಗಳುಗಟ್ಟಲೆ ಎಳೆಯುತ್ತದೆ.

ರೇಬೀಸ್ ಬೇರೆ ತೂಕದ ಮಾತು. ತಾಯಿಯ ಇತಿಹಾಸ ಗೊತ್ತಿಲ್ಲದ ಮರಿ ಕಚ್ಚಿ ಅಥವಾ ಪರಚಿ ರಕ್ತ ಬಂದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ: ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ಯಾವುದೇ ಸರ್ಕಾರಿ ಆಸ್ಪತ್ರೆಯೂ ಆದೀತು. ಎಷ್ಟು ಸಣ್ಣ ಮರಿ, ಏನಾದೀತು ಎಂದು ಕಾಯಬೇಡಿ. ಪದೇ ಪದೇ ಫಾಸ್ಟರ್ ಮಾಡುವ ಯೋಚನೆ ಇದ್ದರೆ ಮನೆಯವರೆಲ್ಲ ಮುಂಚಿತ ರೇಬೀಸ್ ಲಸಿಕೆ ಹಾಕಿಸಿಕೊಳ್ಳುವುದು ಜಾಣತನ. ಆಗ ಕಚ್ಚಿದಾಗ ಎರಡು ಬೂಸ್ಟರ್ ಸಾಕಾಗುತ್ತವೆ, ಇಮ್ಯುನೋಗ್ಲೋಬ್ಯುಲಿನ್ ಬೇಕಾಗುವುದಿಲ್ಲ. ಮನೆಯಲ್ಲಿ ಗರ್ಭಿಣಿ ಇದ್ದರೆ ಬೆಕ್ಕಿನ ಮಲದ ಟ್ರೇ ಅವರು ಮುಟ್ಟದಿರಲಿ.

ಔಷಧದಲ್ಲಿ ಮನೆವೈದ್ಯ ಬೇಡ. ನಾಯಿಗೆ ಹಾಕುವ ಉಣ್ಣೆ ಪೌಡರು, ಹನಿ ಔಷಧಗಳಲ್ಲಿ ಪರ್ಮೆಥ್ರಿನ್ ಇರಬಹುದು, ಅದು ಬೆಕ್ಕಿಗೆ ನಡುಕ ಬರಿಸಿ ಕೊಲ್ಲುತ್ತದೆ. ಪ್ಯಾರಸಿಟಮಾಲ್ ಅರ್ಧ ಮಾತ್ರೆ ದೊಡ್ಡ ಬೆಕ್ಕನ್ನೇ ಕೊಲ್ಲಲು ಸಾಕು. ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆ, ನುಸಿಗುಳಿಗೆ ಇವೂ ದೂರ. ಚಿಗಟವಿದ್ದರೆ ಈ ವಯಸ್ಸಿಗೆ ಸಣ್ಣ ಹಲ್ಲಿನ ಬಾಚಣಿಗೆ ಮತ್ತು ಸೋಪು ನೀರಿನ ಬಟ್ಟಲು: ಬಾಚಿ, ಅದ್ದಿ, ಮತ್ತೆ ಬಾಚಿ. ಸಲೀಸು ಎಂದುಕೊಳ್ಳಬೇಡಿ, ಚಿಗಟ ರಕ್ತ ಹೀರಿಯೇ ಮರಿ ಸಾಯಬಹುದು. ವಸಡು ಬಿಳಿಚಿದ್ದರೆ ಅದೇ ಕುರುಹು. ಜಂತುಹುಳಕ್ಕೆ ಪೈರಾಂಟೆಲ್ ಎರಡನೇ ವಾರದಿಂದ ಶುರುಮಾಡಿ ಎರಡು ವಾರಕ್ಕೊಮ್ಮೆ, ತೂಕ ನೋಡಿ ವೈದ್ಯರು ಹೇಳಿದಷ್ಟೇ. ಟ್ರೈಕ್ಯಾಟ್ ಆರರಿಂದ ಎಂಟನೇ ವಾರದಲ್ಲಿ ಮೊದಲ ಸಲ, ಮೂರು ನಾಲ್ಕು ವಾರಕ್ಕೊಮ್ಮೆ, ಕೊನೆಯದು 16 ವಾರ ತುಂಬಿದ ಮೇಲೆ. ತಾಯಿಯಿಂದ ಬಂದ ಪ್ರತಿಕಾಯ ಯಾವ ವಾರ ಇಳಿಯುತ್ತದೆ ಎಂದು ಹೇಳಲಾಗದು, ಅದು ಇರುವ ತನಕ ಲಸಿಕೆ ಹಿಡಿಯದು, ಅದಕ್ಕೇ ಇಷ್ಟು ಸಲ. ರೇಬೀಸ್ ಲಸಿಕೆ 12 ವಾರಕ್ಕೆ.

ನಾಲ್ಕನೇ ವಾರ ಮರಿ ನಿಪ್ಪಲನ್ನು ಕಚ್ಚತೊಡಗಿದರೆ ಹಾಲು ಬಿಡಿಸುವ ಕಾಲ ಬಂದಿದೆ. ಮರಿಗಳ ಪ್ಯಾಕೆಟ್ ಆಹಾರವನ್ನು ಅದೇ ಹಾಲಿನಲ್ಲಿ ಗಂಜಿಯ ಹದಕ್ಕೆ ಕಲಸಿ ಚಪ್ಪಟೆ ತಟ್ಟೆಯಲ್ಲಿಡಿ, ಬೆರಳಿಂದ ನೆಕ್ಕಿಸಿ. ಮುಖ ಹಿಡಿದು ಅದ್ದಬೇಡಿ. ವಾರದಲ್ಲಿ ಗಟ್ಟಿ ಮಾಡುತ್ತಾ ಬನ್ನಿ, ಬಾಟಲಿ ಒಮ್ಮೆಲೇ ನಿಲ್ಲಿಸಬೇಡಿ, ಪಕ್ಕದಲ್ಲಿ ನೀರಿರಲಿ. ನಿಮ್ಮ ಮನೆಯಲ್ಲಿ ಮಾಂಸ ಮಾಡದಿರುವುದು ಇದಕ್ಕೆ ಅಡ್ಡಿಯಲ್ಲ. 'ಕಿಟನ್' ಎಂದಿರುವ ಸಂಪೂರ್ಣ ಆಹಾರದ ಪ್ಯಾಕೆಟ್ ಒಡೆದು ಸುರಿಯಲು ಒಲೆ ಹಚ್ಚಬೇಕಿಲ್ಲ. ಆದರೆ ಹಾಲನ್ನ, ಮೊಸರನ್ನದಲ್ಲಿ ಬೆಕ್ಕನ್ನು ಬೆಳೆಸಲಾಗದು. ಟಾರೀನ್ ಎಂಬ ಅಂಶ ಬೆಕ್ಕಿಗೆ ಆಹಾರದಿಂದಲೇ ಸಾಕಷ್ಟು ಬರಬೇಕು, ಅದಿಲ್ಲದೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಪ್ಯಾಕೆಟ್ಟನ್ನೂ ಮನೆಯೊಳಗೆ ತರಕೂಡದು ಎಂದಾದರೆ ಈ ಕೆಲಸ ನಿಮಗಲ್ಲ, ಅಷ್ಟು ನೇರವಾಗಿಯೇ ಹೇಳಬೇಕು.

ಟ್ರೇಗೆ ಈ ವಯಸ್ಸಿನಲ್ಲಿ ಗಟ್ಟಿಯಾಗುವ ಬೆಂಟೋನೈಟ್ ಮರಳು ಬೇಡ, ಮರಿಗಳು ಅದನ್ನು ತಿನ್ನುತ್ತವೆ, ಹೊಟ್ಟೆಯಲ್ಲಿ ಉಬ್ಬುತ್ತದೆ. ಹರಿದ ಪೇಪರ್ ಅಥವಾ ಮರದ ಪೆಲೆಟ್ ಸಾಕು. ಊಟವಾದ ಕೂಡಲೇ ಎತ್ತಿ ಟ್ರೇಯಲ್ಲಿ ಕೂರಿಸಿ, ಉಳಿದದ್ದನ್ನು ಅವೇ ಕಲಿಯುತ್ತವೆ.

ಮರಿಗಳು ಬರುವ ಮುನ್ನವೇ ವೈದ್ಯರನ್ನು ಗೊತ್ತುಮಾಡಿಕೊಳ್ಳಿ. ಫೋನಿನಲ್ಲಿ ಹೀಗೆ ಕೇಳಿ: 200 ಗ್ರಾಂ ಮರಿಯನ್ನು ನೋಡುತ್ತೀರಾ, ಭಾನುವಾರ ಸಿಗುತ್ತೀರಾ, ರಾತ್ರಿ ಯಾರಿಗೆ ಫೋನ್ ಮಾಡಬೇಕು? ತಾಲ್ಲೂಕು ಪಶುಆಸ್ಪತ್ರೆಗಳ ವೈದ್ಯರು ಹೆಚ್ಚಾಗಿ ದನಕರುಗಳನ್ನು ನೋಡುವವರು, ಬೆಕ್ಕಿನ ಲಸಿಕೆ ಅಲ್ಲಿ ದಾಸ್ತಾನು ಇರದಿರಬಹುದು. ಹೋಗುವ ಮುನ್ನ ವಿಚಾರಿಸಿ. ದೊಡ್ಡ ಸಮಸ್ಯೆಗೆ ಹಾಸನದ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ. ಆದರೆ ದಾರಿಯಲ್ಲಿ ಶಾಖ ತಪ್ಪಿದರೆ ಇಷ್ಟು ಎಳೆಯ ಮರಿ ತಲುಪುವುದಿಲ್ಲ, ಬಿಸಿನೀರಿನ ಚೀಲ ಜೊತೆಗಿರಲಿ. ಬಾಯಿ ತೆರೆದು ಉಸಿರಾಡುವುದು, ವಸಡು ಬಿಳಿಚುವುದು, ಎರಡು ಸರದಿ ಹಾಲು ಬಿಡುವುದು, ಬೆಚ್ಚಗಿಟ್ಟರೂ ಮೈ ತಣ್ಣಗಾಗುವುದು, ಇವುಗಳಲ್ಲಿ ಯಾವುದಕ್ಕೂ ಬೆಳಿಗ್ಗೆ ನೋಡೋಣ ಅನ್ನುವಂತಿಲ್ಲ.

ಗುಂಪಿನವರ ಜೊತೆ ಒಪ್ಪಂದ ವಾಟ್ಸಾಪ್ ಸಂದೇಶದಲ್ಲಾದರೂ ಅಕ್ಷರ ರೂಪದಲ್ಲಿರಲಿ. ಹಾಲು, ಔಷಧ, ಲಸಿಕೆಯ ಖರ್ಚು ಯಾರದ್ದು? ನೀವು ಊರಿಗೆ ಹೋಗಬೇಕಾದರೆ ಬದಲಿ ಯಾರು? ದತ್ತು ಯಾರಿಗೆ ಎಂದು ತೀರ್ಮಾನಿಸುವವರು ಯಾರು? ಕೊನೆಯ ದಿನಾಂಕ ಯಾವುದು? ಮರಿ ಕೊಡುವ ತನಕ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ, ಕೊಟ್ಟ ಮೇಲೆ ಎತ್ತದವರೂ ಇದ್ದಾರೆ. ಬಾಡಿಗೆ ಮನೆಯಾದ್ದರಿಂದ ಮಾಲೀಕರಿಗೂ ಮೊದಲೇ ಒಂದು ಮಾತು ತಿಳಿಸಿ.

ದತ್ತು ಕೊಡಲು ಎಂಟರಿಂದ ಹತ್ತು ವಾರ, ಒಂದು ಕಿಲೋ ಹತ್ತಿರದ ತೂಕ ಸರಿಯಾದ ಹೊತ್ತು. ಎರಡನ್ನು ಜೋಡಿಯಾಗಿ ಕೇಳುವವರಿದ್ದರೆ ಅವರಿಗೇ ಮೊದಲ ಆದ್ಯತೆ, ಒಂಟಿ ಮರಿಯ ಕಚ್ಚುವ ಚಾಳಿ ಕಡಿಮೆಯಾಗುವುದು ಜೊತೆಗಾರನಿಂದಲೇ. ಮನೆ ನೋಡಿ ಬನ್ನಿ: ಬಾಲ್ಕನಿಗೆ ಜಾಲರಿ ಇದೆಯೇ, ನೀರಿನ ಸಂಪ್‌ಗೆ ಮುಚ್ಚಳವಿದೆಯೇ. ಅಂಗಡಿಗೆ, ಗೋದಾಮಿಗೆ ಇಲಿ ಹಿಡಿಯಲು ಬೇಕು ಎಂದು ಬರುವವರನ್ನು ಇಲಿ ಪಾಷಾಣ ಇಡುತ್ತೀರಾ ಎಂದು ಕೇಳಿ. ಇಡುತ್ತೇವೆ ಎಂದರೆ ಕೊಡಬೇಡಿ. ಪಾಷಾಣ ತಿಂದ ಇಲಿಯನ್ನು ತಿಂದೂ ಬೆಕ್ಕು ಸಾಯುತ್ತದೆ. ಹೆಣ್ಣುಮರಿ ನಾಲ್ಕೈದು ತಿಂಗಳಿಗೇ ಗಬ್ಬ ಕಟ್ಟಬಲ್ಲದು, ಆದ್ದರಿಂದ ಸಂತಾನಹರಣ ಚಿಕಿತ್ಸೆಯ ತಿಂಗಳನ್ನು ದತ್ತು ಪತ್ರದಲ್ಲೇ ಬರೆಸಿ, ಆ ತಿಂಗಳು ಬಂದಾಗ ಫೋನ್ ಮಾಡಿ ನೆನಪಿಸಿ. ದಸರೆಯ ಕುಶಾಲತೋಪಿನ ತಾಲೀಮು ಕೇಳುವ ಅರಮನೆ ಸುತ್ತಲಿನ ಬಡಾವಣೆಗೆ ಆ ದಿನಗಳಲ್ಲಿ, ದೀಪಾವಳಿಯ ವಾರದಲ್ಲಿ ಯಾವ ಊರಿಗೂ, ಮರಿ ಕಳಿಸಬೇಡಿ. ಹೊಸ ಮನೆಯಲ್ಲಿ ಬೆದರಿ ಓಡಿದ ಮರಿಗೆ ವಾಪಸ್ ಬರಲು ದಾರಿ ಗೊತ್ತಿರುವುದಿಲ್ಲ.

ಮರಿಗಳು ಹೋದ ಮೇಲೆ ಬಟ್ಟೆಯನ್ನು ಬ್ಲೀಚ್ ಹಾಕಿದ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ, ರಟ್ಟಿನ ಪೆಟ್ಟಿಗೆ ಎಸೆಯಿರಿ, ಕೋಣೆಯನ್ನು ಮೇಲೆ ಹೇಳಿದ ಹಾಗೆ ತೊಳೆಯಿರಿ. ಈ ಮೂರು ಮರಿಗಳಲ್ಲಿ ಯಾವುದಕ್ಕಾದರೂ ಪ್ಯಾನ್‌ಲ್ಯುಕೋಪೀನಿಯಾ ಬಂದಿದ್ದರೆ ಅದನ್ನು ಗುಂಪಿನವರಿಗೆ ಮುಚ್ಚಿಡದೆ ಹೇಳಿ. ಆ ವೈರಸ್ ಸಂದುಗೊಂದಿನಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಅಷ್ಟು ಕಾಲ ನಿಮ್ಮ ಮನೆಗೆ ಲಸಿಕೆ ಪೂರ್ತಿಯಾದ ದೊಡ್ಡ ಬೆಕ್ಕುಗಳನ್ನು ಮಾತ್ರ ಕೇಳಿ. ಶಸ್ತ್ರಚಿಕಿತ್ಸೆ ಮುಗಿಸಿ ಹತ್ತು ದಿನ ವಿಶ್ರಾಂತಿಗೆ ಜಾಗ ಹುಡುಕುವ ಬೆಕ್ಕುಗಳು ಯಾವಾಗಲೂ ಇರುತ್ತವೆ, ಅವಕ್ಕೆ ನಡುರಾತ್ರಿಯ ಹಾಲೂ ಬೇಕಿಲ್ಲ.